ವೆಂಡೆಲ್ ಬೈದ ದಾಂಡಿಗರು

"ಬರೆದಿಟ್ಟುಕೋ ಮಾರ್ಲಿಸ್, ಈ ವರ್ಷ ಟ್ರೋಫಿ ಈ ಮನೆಗೇ ಬರುತ್ತೆ!"

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವೆಂಡೆಲ್ ಫೋಗಲ್ ಪ್ಯಾನ್‌ಕೇಕಿನ ನಡುವೆ ಫೋರ್ಕನ್ನು ವಿಜಯಧ್ವಜದಂತೆ ನೆಟ್ಟು ಹೀಗೆ ಘೋಷಿಸಿದ. ಹೊರಗೆ ವಿಸ್ಕಾನ್ಸಿನ್ನಿನ ಹಿಮ ಇನ್ನೂ ಕರಗಿರಲಿಲ್ಲ. ಒಳಗೆ ಹೆಂಡತಿಯ ಸಹನೆ ಆಗಲೇ ಕರಗತೊಡಗಿತ್ತು.

"ಬಂದರೆ ಎಲ್ಲಿಡೋದು? ಹೋದ ವರ್ಷದ ಸಾಸೇಜ್ ವೇಷವೇ ಅರ್ಧ ಕಪಾಟು ನುಂಗಿ ಕೂತಿದೆ," ಎಂದಳು ಮಾರ್ಲಿಸ್.

ಏಟು ಸರಿಯಾದ ಜಾಗಕ್ಕೇ ಬಿತ್ತು. ವೆಂಡೆಲ್ ಮತ್ತವನ ಗೆಳೆಯರು ಪ್ರತಿ ವಸಂತದಲ್ಲಿ ಒಟ್ಟಿಗೆ ಕೂತು, ನಿಜವಾದ ಬೇಸ್‌ಬಾಲ್ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಂಡು ತಂತಮ್ಮ ಕಲ್ಪನೆಯ ತಂಡ ಕಟ್ಟುತ್ತಿದ್ದರು. ಆ ಆಟಗಾರರು ಮೈದಾನದಲ್ಲಿ ಬೆವರು ಸುರಿಸಿದಷ್ಟೂ ಇವರಿಗೆ ಸೋಫಾದ ಮೇಲೆ ಅಂಕ ಬರುತ್ತಿತ್ತು. ಗೆದ್ದವನಿಗೆ ಟ್ರೋಫಿ. ಕಟ್ಟಕಡೆಗೆ ಉಳಿದವನಿಗೆ ಆಳೆತ್ತರದ ಸಾಸೇಜ್ ವೇಷ! ಹೋದ ವರ್ಷ ಅದನ್ನು ತೊಟ್ಟು ದಿನಸಿ ಅಂಗಡಿಯ ಮುಂದೆ ನಿಂತವನು ವೆಂಡೆಲ್ಲೇ. ಸಾಲದ್ದಕ್ಕೆ ಈ ವರ್ಷ ಮಾರ್ಲಿಸಳ ತಮ್ಮ ಡ್ವೇನ್ ನಿಯಮ ತಿದ್ದಿಸಿದ್ದ. ಸೋತವನು ಅದೇ ವೇಷದಲ್ಲಿ ಅಕ್ಟೋಬರಿನ ಹೈಸ್ಕೂಲ್ ಮೆರವಣಿಗೆಯಲ್ಲಿ ನಡೆಯಬೇಕು. ಆ ಹೈಸ್ಕೂಲಿನಲ್ಲಿ ವೆಂಡೆಲ್ ರಸಾಯನಶಾಸ್ತ್ರದ ಮೇಷ್ಟ್ರು! ಹುಬ್ಬು ಏರಿಸಿದರೆ ಸಾಕು, ಇಡೀ ಪ್ರಯೋಗಾಲಯ ಗಪ್‌ಚಿಪ್. ಇಷ್ಟು ವರ್ಷ ಜೋಪಾನ ಮಾಡಿದ ಆ ಹುಬ್ಬಿನ ಗೌರವ ಈಗ ಪಣಕ್ಕಿತ್ತು.

ಆದ್ದರಿಂದ ಅವನು ವಿಜ್ಞಾನದ ಮೊರೆಹೊಕ್ಕ. ಹೆಸರಾಂತ ದಾಂಡಿಗರನ್ನು ಯಾರು ಬೇಕಾದರೂ ಆರಿಸುತ್ತಾರೆ. ಜಗತ್ತು ಕೈಬಿಟ್ಟ ದಾಂಡಿಗನನ್ನು ಗುರುತಿಸುವುದೇ ವಿದ್ಯೆ. ಮೂರು ವಾರ ಅಂಕಿಗಳನ್ನು ಸೋಸಿ, ಬಟ್ಟಿ ಇಳಿಸಿ, ತಳದಲ್ಲಿ ಉಳಿದ ಮೂರು ಹರಳುಗಳನ್ನು ಎತ್ತಿಕೊಂಡ: ರುಫಿನೊ ಕಬ್ರಾಲ್, ಪಿಂಕ್ನಿ, ಲಾಡರ್.

"ನೋಡು, ಕಬ್ರಾಲ್ ಹೊಡೆತದಲ್ಲಿ ಯಾರಿಗೂ ಕಮ್ಮಿ ಇಲ್ಲ," ಎಂದು ಅವನು ಹೆಂಡತಿಗೆ ಬಟಾಣಿಯನ್ನು ಚಮಚದಿಂದ ಚಿಮ್ಮಿಸಿ ತೋರಿಸಿದ. "ಆದರೆ ಹೊಡೆದಿದ್ದೆಲ್ಲ ನೇರವಾಗಿ ಎದುರಾಳಿ ಕೈಗೇ ಹೋಯ್ತು. ಬರೀ ದುರದೃಷ್ಟ! ಈ ವರ್ಷ ಅದು ತಿರುಗಲೇಬೇಕು."

ಬಟಾಣಿ ಮಾರ್ಲಿಸಳ ಕಾಫಿಗೆ ಬಿತ್ತು.

"ತಿರುಗಿತು," ಎಂದಳು ಅವಳು.

ಉಳಿದದ್ದು ಒಂದೇ ಕೆಲಸ: ಈ ಮೂವರ ಬೆಲೆ ಬೇರೆ ಯಾರಿಗೂ ತಿಳಿಯದಂತೆ ನೋಡಿಕೊಳ್ಳುವುದು. ಸಾಮಾನ್ಯ ಮನುಷ್ಯನಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದ. ವೆಂಡೆಲ್ ಸಾಮಾನ್ಯನಲ್ಲ, ಅವನು ಯೋಜನೆ ಹಾಕಿದ. ಮೂವರನ್ನೂ ಊರ ತುಂಬ ಬೈಯುವ ಯೋಜನೆ!

ಶುಕ್ರವಾರದ ಮೀನೂಟದಲ್ಲಿ ಶುರುವಾಯಿತು. ಹುರಿದ ಮೀನಿಗೆ ನಿಂಬೆ ಹಿಂಡುತ್ತಿದ್ದ ಡ್ವೇನ್ ಕಬ್ರಾಲನ ಹೆಸರನ್ನೇನೂ ಎತ್ತಿರಲಿಲ್ಲ. ಹವಾಮಾನದ ಬಗ್ಗೆ ಮಾತಾಡುತ್ತಿದ್ದ.

"ಚಳಿ ಅಂದರೆ ನೆನಪಾಯ್ತು," ಎಂದ ವೆಂಡೆಲ್. "ಆ ಕಬ್ರಾಲನ ಕಥೆ ಮುಗೀತು ಬಿಡು. ಮಂಡಿ ಹೋಗಿದೆ."

"ಹೌದಾ ಭಾವ?" ಎಂದ ಡ್ವೇನ್.

"ಕಣ್ಣೂ ಮಂಜಂತೆ."

ಭಾನುವಾರ ಚರ್ಚಿನ ಕಾಫಿಗೆ ನಿಂತಾಗ, ಇದೇ ಆಟದ ಇನ್ನೊಬ್ಬ ಸದಸ್ಯರಾದ ಪಾಸ್ಟರ್ ಹಾಲ್ವರ್ ಎದುರಿಗೆ ಬಂದರು. ಪಿಂಕ್ನಿ ಎಂಥ ಸೋಮಾರಿ, ಹೇಗೆ ಅವನಿಗೆ ಬ್ಯಾಟು ಎತ್ತುವುದೂ ಭಾರ ಎಂದು ವೆಂಡೆಲ್ ಡೋನಟ್ ಮುಗಿಯುವವರೆಗೂ ವಿವರಿಸಿದ. ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು ರೋಸ್ಕೊ ಸಿಕ್ಕಿದ. ಲಾಡರನ ಮಾನ ಹರಾಜಾಯಿತು. ವಾರ ಕಳೆಯುವಷ್ಟರಲ್ಲಿ ಕಬ್ರಾಲನಿಗೆ ಸೊಂಟನೋವು, ಪಿಂಕ್ನಿಗೆ ವಿರಕ್ತಿ, ಲಾಡರನಿಗೆ ಚೆಂಡು ಕಂಡರೇ ಭಯ ಅಂಟಿಕೊಂಡಿತ್ತು. ದೂರದ ಊರುಗಳಲ್ಲಿ ಆರೋಗ್ಯವಾಗಿ ಅಭ್ಯಾಸ ಮಾಡುತ್ತಿದ್ದ ಆ ಮೂವರಿಗೆ ತಮ್ಮ ಈ ಅವಸ್ಥೆ ತಿಳಿದಿರಲಿಲ್ಲ.

"ನೀನು ಸ್ವಲ್ಪ ಜಾಸ್ತಿ ಬೈತಿದ್ದೀಯ," ಎಂದು ಮಾರ್ಲಿಸ್ ಎಚ್ಚರಿಸಿದಳು.

"ಇದಕ್ಕೆ ಪ್ರಮಾಣ ಅಂತ ಇರುತ್ತೆ ಕಣೆ. ಎಲ್ಲ ಅಳೆದೇ ಸುರಿದಿದ್ದೀನಿ."

"ಬೋಗುಣಿಗಟ್ಟಲೆ ಸುರಿದಿದ್ದೀಯ."

ಆಯ್ಕೆಯ ದಿನ ಬಂತು. ವೆಂಡೆಲ್ಲನ ನೆಲಮಾಳಿಗೆಯಲ್ಲಿ ಎಂಟು ಜನ ಕೂತರು. ಬಿಯರಿನಲ್ಲಿ ಬೆಂದ ಸಾಸೇಜಿನ ಘಮ ಮೆಟ್ಟಿಲಿಳಿದು ಬಂದಾಗ ವೆಂಡೆಲ್ಲನಿಗೆ ಮಾತ್ರ ಅದು ಶಕುನದಂತೆ ಕಂಡಿತು. ಮೇಜಿನ ಮೇಲೆ, ಮೊಟ್ಟೆ ಬೇಯಿಸುವಾಗ ಹೊತ್ತಿಟ್ಟರೆ ಗಂಟೆ ಹೊಡೆಯುವ ಅಡುಗೆಮನೆಯ ಪುಟ್ಟ ಗಡಿಯಾರ. ಡ್ವೇನ್ ಪ್ರತಿ ಸಲ ಹತ್ತು ಹೆಸರು ಹೇಳಿ ಹತ್ತನ್ನೂ ವಾಪಸ್ಸು ತೆಗೆದುಕೊಳ್ಳುತ್ತಾನೆಂದು ವೆಂಡೆಲ್ಲೇ ಒಂದು ಕಠಿಣ ನಿಯಮ ತಂದಿದ್ದ: ಸರದಿ ಬಂದವನ ಬಾಯಿಂದ ಗಂಟೆ ಹೊಡೆಯುವ ಮುಂಚೆ ಕೊನೆಗೆ ಹೊರಟ ಹೆಸರು ಯಾವುದೋ ಅದೇ ಅವನ ಆಯ್ಕೆ. ಮೇಲ್ಮನವಿ ಇಲ್ಲ.

ಮೊದಲ ಸುತ್ತಿನಲ್ಲಿ ಎಲ್ಲರೂ ಹೆಸರಾಂತರನ್ನೇ ಆರಿಸಿದರು. ಎರಡನೆಯ ಸುತ್ತು. ಡ್ವೇನ್ ಗಂಟಲು ಸರಿಮಾಡಿಕೊಂಡ.

"ರುಫಿನೊ ಕಬ್ರಾಲ್."

ವೆಂಡೆಲ್ಲನ ಬಿಯರ್ ಮೂಗಿಗೆ ಹೋಯಿತು. "ಅವನಾ? ಮಂಡಿ ಹೋಗಿದೆ ಅಂದೆನಲ್ಲೋ!"

"ಅಂದಿರಿ ಭಾವ. ಕಣ್ಣು ಮಂಜು ಅಂತಲೂ ಅಂದಿರಿ. ಹಳೇ ಹಿಮ ತಳ್ಳೋ ಯಂತ್ರ ಕೊಳ್ಳೋಕೆ ಮುಂಚೆ ಅದನ್ನೂ ಹೀಗೇ ಬೈದಿದ್ದಿರಿ. ಆಮೇಲೆ ಅದಕ್ಕೆ ದಿನಾ ಕಂಬಳಿ ಹೊದಿಸ್ತಿದ್ದಿರಿ."

ಪಾಸ್ಟರ್ ಹಾಲ್ವರ್ ಮೃದುವಾಗಿ ಕೆಮ್ಮಿದರು. "ನನಗೆ ಪಿಂಕ್ನಿ ಇರಲಿ. ನಮ್ಮ ಚರ್ಚಿನ ಅಂಗಳದಲ್ಲೇ ಒಬ್ಬ ಮನುಷ್ಯನ ಮೇಲೆ ಅಷ್ಟೊಂದು ಅಪವಾದ ಬಂದಮೇಲೆ, ಕೈಹಿಡಿಯೋದು ನನ್ನ ಧರ್ಮ ಅನ್ನಿಸಿತು ವೆಂಡೆಲ್."

"ಲಾಡರ್," ಎಂದ ರೋಸ್ಕೊ, ಯಾವ ಧರ್ಮದ ಹಂಗೂ ಇಲ್ಲದೆ.

ಮೂರು ವಾರದ ಬಟ್ಟಿ, ಮೂರು ಗುಟುಕಿನಲ್ಲಿ ಖಾಲಿ! ಈಗ ವೆಂಡೆಲ್ಲನ ಸರದಿ. ಗಡಿಯಾರ ಟಿಕ್‌ಟಿಕ್ ಎನ್ನತೊಡಗಿತು. ಆದರೂ ವಿಜ್ಞಾನಿಯ ಬುದ್ಧಿ ಸುಮ್ಮನಿರುತ್ತದೆಯೇ? ಇವರಿಗೆ ತಾನು ಬೈದವನೇ ಬೇಕಾದರೆ, ನಿಜವಾದ ದಂಡಪಿಂಡವನ್ನೇ ಬೈದು ಇವರ ತಲೆಗೆ ಕಟ್ಟಿಬಿಡೋಣ! ಅವನು ಮುಷ್ಟಿಯಿಂದ ಮೇಜು ಗುದ್ದಿದ.

"ತಗೊಳ್ಳಿ, ಎಲ್ಲರನ್ನೂ ತಗೊಳ್ಳಿ! ಆದರೆ ಒಬ್ಬನನ್ನ ಮಾತ್ರ ಮುಟ್ಟಬೇಡಿ. ಬ್ಯಾಟಿಗೆ ಒರಗಿ ನಿದ್ದೆ ಹೊಡೆಯೋ ಮುದುಕ. ಓಡೋದು ಊಟಕ್ಕೆ ಕರೆದಾಗ ಮಾತ್ರ. ನಾಲಾಯಕ್ಕು! ಅವನ ಹೆಸರು ಹೇಳೋಕೂ ನಾಚಿಕೆ ಆಗುತ್ತೆ..."

"ಯಾರು ಭಾವ ಅದು?" ಡ್ವೇನ್ ಮುಂದಕ್ಕೆ ಬಾಗಿದ.

"ಒರ್ವಿಲ್ ಕೋವಾಕ್!"

ಟ್ರಿಣ್ಣ್ಣ್!

ಪಾಸ್ಟರ್ ಗಡಿಯಾರವನ್ನು ನೋಡಿದರು, ಆಮೇಲೆ ಮೇಲಕ್ಕೆ ನೋಡಿದರು.

"ನಿಯಮ ನಿಮ್ಮದೇ ಭಾವ," ಎಂದ ಡ್ವೇನ್, ಬಹಳ ಮರ್ಯಾದೆಯಿಂದ.

ಆಗಲೇ ಸಾಸೇಜ್ ತಟ್ಟೆ ಹಿಡಿದು ಇಳಿದುಬಂದ ಮಾರ್ಲಿಸ್, "ಯಾಕೆ ಎಲ್ಲ ಸುಮ್ಮನಾದಿರಿ? ಯಾರು ಹೋದರು?" ಎಂದಳು.

"ಯಾರೂ ಹೋಗಲಿಲ್ಲ ಅಕ್ಕಾ. ಕೋವಾಕ್ ಬಂದ."

ಮುಂದಿನ ಬೇಸಿಗೆಯುದ್ದಕ್ಕೂ ವೆಂಡೆಲ್ಲನ ವಿಜ್ಞಾನ ಅಕ್ಷರಶಃ ಸಾಬೀತಾಯಿತು. ಕಬ್ರಾಲ್ ಹೊಡೆದ ಚೆಂಡುಗಳು ಯಾರ ಕೈಗೂ ಸಿಗದೆ ಬೇಲಿ ದಾಟಿದವು. ಪಿಂಕ್ನಿಯ ಆಟ ಕಂಡು ಪಾಸ್ಟರ್ ಪ್ರವಚನವನ್ನೇ ಚಿಕ್ಕದು ಮಾಡಿ ಮನೆಗೆ ಓಡತೊಡಗಿದರು. ಲಾಡರನ ಭಯ ಎದುರಾಳಿಗಳಿಗೆ ಅಂಟಿತು. ಕೋವಾಕನ ಬಗ್ಗೆ ವೆಂಡೆಲ್ ಹೇಳಿದ್ದೂ ಒಂದಕ್ಷರ ಸುಳ್ಳಾಗಲಿಲ್ಲ. ಒಂದೇ ಒಂದು ಲೆಕ್ಕವೂ ತಪ್ಪದೆ ಕಟ್ಟಕಡೆಯ ಸ್ಥಾನಕ್ಕೆ ಬಂದವನು ಆ ಗುಂಪಿನಲ್ಲಿ ಅವನೊಬ್ಬನೇ.

ಅಕ್ಟೋಬರಿನ ಮೆರವಣಿಗೆಯಲ್ಲಿ, ಶಾಲೆಯ ವಾದ್ಯವೃಂದದ ಹಿಂದೆ, ಆಳೆತ್ತರದ ಸಾಸೇಜೊಂದು ಗಂಭೀರವಾಗಿ ನಡೆದುಹೋಯಿತು. ಹುಬ್ಬು ಏರಿಸಿತೋ ಇಲ್ಲವೋ ಯಾರಿಗೂ ಕಾಣಲಿಲ್ಲ.

"ಸರ್, ನೀವು ಎಷ್ಟು ಡಿಗ್ರಿಗೆ ಬೇಯ್ತೀರಿ?" ಎಂದು ಪಕ್ಕದಿಂದ ಒಬ್ಬಳು ವಿದ್ಯಾರ್ಥಿನಿ ಕೂಗಿದಳು.

"ನೂರ ಅರವತ್ತು ಫ್ಯಾರನ್‌ಹೀಟ್. ಸೋಮವಾರ ಪರೀಕ್ಷೆ ಇದೆ, ನೆನಪಿರಲಿ!" ಎಂದಿತು ಸಾಸೇಜು.

ಹಿಂದಿನಿಂದ ತೆರೆದ ಟ್ರಕ್ಕಿನಲ್ಲಿ, ಮಡಿಲಲ್ಲಿ ಟ್ರೋಫಿ ಇಟ್ಟುಕೊಂಡು, ಮಕ್ಕಳಿಗೆ ಮಿಠಾಯಿ ಎಸೆಯುತ್ತ ಡ್ವೇನ್ ಬಂದ. "ಭಾವ! ಮುಂದಿನ ವರ್ಷ ಯಾರ್ಯಾರನ್ನ ಬೈತೀರಿ, ಈಗಲೇ ಹೇಳಿಬಿಡಿ!"

"ಇನ್ನು ಒಬ್ಬರ ಹೆಸರೂ ಎತ್ತೋದಿಲ್ಲ ಕಣೋ! ಬೈಯೋದೂ ಇಲ್ಲ, ಹೊಗಳೋದೂ ಇಲ್ಲ. ತುಟಿ ಹೊಲಿದುಕೊಂಡೆ!" ಎಂದು ಸಾಸೇಜಿನ ಹೊಟ್ಟೆಯೊಳಗಿಂದ ವೆಂಡೆಲ್ ಗುಡುಗಿದ.

ಫುಟ್‌ಪಾತಿನಲ್ಲಿ ನಿಂತು ಫೋಟೋ ತೆಗೆಯುತ್ತಿದ್ದ ಮಾರ್ಲಿಸ್ ಫೋನು ಇಳಿಸಿ ತಮ್ಮನಿಗೆ ಕೂಗಿ ಹೇಳಿದಳು:

"ಯೋಚನೆ ಮಾಡಬೇಡ ಕಣೋ ಡ್ವೇನ್. ನಿದ್ದೇಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕನವರಿಸ್ತಾನೆ. ನಾನು ಫೋನ್ ಮಾಡ್ತೀನಿ!"