ಬಾವಿಗೆ ಬಿದ್ದ ಸುಕನ್ಯಾ ಮತ್ತು ನಾನು ಹಾಕಿಸಿದ ಪೆಂಡಾಲು

ಒಬ್ಬ ಲೇಖಕರನ್ನು ಜೇವರ್ಗಿಯಿಂದ ಅಫಜಲಪುರಕ್ಕೆ ಕರೆತರುವುದು ಏನು ಮಹಾ ಕೆಲಸ ಎಂದು ನಾನು ತಿಳಿದಿದ್ದೆ. ಆಳಂದದಲ್ಲಿ ಕಿರಾಣಿ ಅಂಗಡಿ ನಡೆಸುವವನು ನಾನು. ಬೆಲ್ಲ, ಎಣ್ಣೆ, ಬೇಳೆಯನ್ನೆಲ್ಲ ಎಲ್ಲೆಲ್ಲಿಂದಲೋ ತರಿಸುವವನಿಗೆ ಒಬ್ಬ ಮನುಷ್ಯನನ್ನು ತರುವುದು ಕಷ್ಟವೇ? ತರುವುದು ಕಷ್ಟವಾಗಲಿಲ್ಲ. ತಂದ ಮೇಲೆ ಆದದ್ದನ್ನು ಹೇಳುತ್ತೇನೆ.

ನನ್ನ ಅತ್ತೆ ಗುರುಬಾಯಿಯವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಕಲಬುರಗಿಯ ದವಾಖಾನೆಯ ಡಾಕ್ಟರು ಎಲ್ಲವನ್ನೂ ನೋಡಿ, "ಮನೀಗಿ ಕರ್ಕೊಂಡು ಹೋಗ್ರಿ, ಚೆಂದ ನೋಡ್ಕೋರಿ" ಎಂದರು. ಅದರ ಅರ್ಥ ಎಲ್ಲರಿಗೂ ಆಯಿತು. ಅಫಜಲಪುರದ ಮನೆಗೆ ಬಂದ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಅನ್ನ ಬೇಡ, ಮಾತು ಬೇಡ.

ನನ್ನ ಹೆಂಡತಿ ಕಾಶೀಬಾಯಿ ತಾಯಿಯ ಸೇವೆಗೆ ನಿಂತಳು. ನಾನು ಆಗಾಗ ಹೋಗಿ ಮಂಚದ ಪಕ್ಕ ಕೂತು, "ಈಗ ಹೆಂಗದ್ರಿ ಅತ್ತೀ?" ಎಂದು ಕೇಳುತ್ತಿದ್ದೆ. ಸಾಯುತ್ತಿರುವವರನ್ನು ಕೇಳಬಾರದ ಪ್ರಶ್ನೆ ಅದೊಂದೇ. ನನಗೆ ಬರುತ್ತಿದ್ದುದೂ ಅದೊಂದೇ.

ನಮ್ಮಿಬ್ಬರ ನಡುವೆ ಮಾತಾಡಲು ಇದ್ದದ್ದು ಒಂದೇ ವಿಷಯ. ಹಲವು ವರ್ಷಗಳ ಹಿಂದೆ ಕಾಶೀ ಹೆರಿಗೆಗೆಂದು ತವರಿನಲ್ಲಿದ್ದಾಗ ನಾನು ಮೋಟಾರ್ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಅಲ್ಲಿಗೇ ಹೋಗಿ ಮಲಗಿದ್ದೆ. ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರು ಎಂದು ಓಣಿಯವರು ನಕ್ಕರು. ಆಗ ಮಧ್ಯಾಹ್ನದ ಹೊತ್ತು ಟೀವಿಯಲ್ಲಿ 'ಹನ್ನೆರಡು ಕಂಬದ ಮನೆ' ಎಂಬ ಧಾರಾವಾಹಿ ಬರುತ್ತಿತ್ತು. ಅಳಿಯನ ಮುಂದೆ ಸೆರಗು ಸರಿಸದ ಅತ್ತೆ, ಅತ್ತೆಯ ಮುಂದೆ ಗಟ್ಟಿಯಾಗಿ ಕೆಮ್ಮದ ಅಳಿಯ, ಇಬ್ಬರೂ ಆ ಅರ್ಧ ಗಂಟೆ ಎಲ್ಲ ಮರೆತು ಕೂರುತ್ತಿದ್ದೆವು. ನಾಯಕಿ ಸುಕನ್ಯಾ ಅತ್ತರೆ ಅತ್ತೆಯೂ ಅಳುತ್ತಿದ್ದರು. ನಾನು ಕಾಲು ನೋವಿನ ನೆಪದಲ್ಲಿ ಅಳುತ್ತಿದ್ದೆ.

ಒಂದು ಶುಕ್ರವಾರ ಆ ಕಂಬದ ಮನೆಯ ಹಿರಿಯ ಸೊಸೆ ಸುಕನ್ಯಾಳನ್ನು ಬಾವಿಗೆ ನೂಕಿದಳು. ಸೋಮವಾರ ಏನಾಗುವುದೋ ಎಂದು ಕಾದರೆ, ಸೋಮವಾರ ಅದೇ ಹೊತ್ತಿಗೆ ಯಾರೋ ಹೆಣ್ಣುಮಗಳು ನಗುತ್ತ ಬದನೇಕಾಯಿ ಹುರಿಯುತ್ತಿದ್ದಳು! ಧಾರಾವಾಹಿ ನಿಂತೇ ಹೋಗಿತ್ತು.

ಈಗ ಅತ್ತೆ ಬಹಳ ದಿನದ ಮೇಲೆ ನನ್ನ ಕಡೆ ಹೊರಳಿ, "ಅಳಿಯಾರ, ಸುಕನ್ಯಾ ಬಾವ್ಯಾಗಿಂದ ಎದ್ದು ಬಂದ್ಳೇನ್ರಿ?" ಎಂದರು.

"ಬರದಾ ಏನ್ ಮಾಡ್ತಾಳ್ರಿ?"

"ಖರೇ ಹೇಳ್ರಿ. ನಿಮಗ ಗೊತ್ತದ ಏನು?"

ನನಗೆ ಗೊತ್ತಿರಲಿಲ್ಲ. ಆದರೆ ಆ ಧಾರಾವಾಹಿ ಬರೆದ ವಿರೂಪಾಕ್ಷಪ್ಪನವರು ಬೆಂಗಳೂರು ಬಿಟ್ಟು ಊರಿಗೆ ಮರಳಿ ಜೇವರ್ಗಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆಂದು ನನಗೆ ಬೇಳೆ ಕೊಡುವ ಅಡತಿಯ ವ್ಯಾಪಾರಿಯೊಬ್ಬರು ಹೇಳಿದ್ದು ನೆನಪಿತ್ತು. ಎದೆ ಉಬ್ಬಿಸಿ ಹೇಳಿದೆ: "ಬರೆದವರನ್ನೇ ಕರ್ಕೊಂಡು ಬರ್ತೇನಿ, ನೀವೇ ಕೇಳ್ರಿ!"

ಅಡುಗೆಮನೆಯಲ್ಲಿ ಕಾಶೀ ನನ್ನನ್ನು ಹಿಡಿದಳು. "ಏನರ ಒಂದು ಹೇಳಿಬಿಡ್ರಲ್ಲ. ಬಂದ್ಳು, ಸುಖವಾಗಿ ಬಾಳಿದ್ಳು ಅಂತ. ಸಾಯೋ ಜೀವಕ್ಕ ಅಷ್ಟ ಸಾಕು."

"ಇಬ್ಬರೂ ಕೂಡಿ ನೋಡೇವಿ ಕಾಶೀ. ಬ್ಯಾರೆ ಏನರ ಆಗಿದ್ರ ಸುಳ್ಳು ಹೇಳ್ತಿದ್ದೆ. ಇದರಾಗ ಹೆಂಗ ಹೇಳ್ಲಿ?"

ವಿರೂಪಾಕ್ಷಪ್ಪನವರು ಜೇವರ್ಗಿಯಲ್ಲಿ ಸುಲಭವಾಗಿ ಸಿಕ್ಕರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, ಧಾರಾವಾಹಿಯ ಹೆಸರು ಕೇಳಿ, "ಬಯ್ಯಾಕ ಬಂದೀರೇನು?" ಎಂದರು. ವಿಷಯ ತಿಳಿಸಿದೆ. "ಅದನ್ನ ಇನ್ನೂ ನೆನಪಿಟ್ಟವರು ಅದಾರ?" ಎಂದರು. ಭಾನುವಾರ ಬರಲು ಒಪ್ಪಿದರು. ಬಾವಿಯಿಂದ ಎದ್ದು ಬಂದಳೋ ಇಲ್ಲವೋ ಎಂದು ಅಲ್ಲೇ ಕೇಳಿದೆ. "ಆ ತಾಯೀಗೇ ಹೇಳ್ತೇನಿ" ಎಂದರು. ಎಂಥ ದೊಡ್ಡ ಮನುಷ್ಯ ಎಂದು ಸಂತೋಷಪಟ್ಟು ಬಂದೆ!

ಸುದ್ದಿ ಓಣಿಯಲ್ಲಿ ಹಬ್ಬಿತು. ಆ ಕಾಲದಲ್ಲಿ ನಮ್ಮತ್ತೆಯ ಮನೆಯ ಕಿಟಕಿಯಲ್ಲಿ ನಿಂತು ಧಾರಾವಾಹಿ ನೋಡಿದ ಹೆಣ್ಣುಮಕ್ಕಳೆಲ್ಲ ತಾವೂ ಬರುತ್ತೇವೆಂದರು. ಬಿಸಿಲು ಅಂಥಾದ್ದು. ಎಲ್ಲಿ ಕೂರಿಸುವುದು? ಮನೆಯ ಮುಂದೆ ಪೆಂಡಾಲು ಹಾಕಿಸಿ ಕುರ್ಚಿ ತರಿಸಿದೆ.

"ಜಡ್ಡಿನವರ ಮನಿ ಮುಂದ ಪೆಂಡಾಲ ಹಾಕ್ತಾರೇನ್ರಿ ಯಾರರ?" ಎಂದಳು ಕಾಶೀ.

"ನೆರಳು ಬೇಕಲ್ಲ!" ಎಂದೆ.

ಅಷ್ಟಕ್ಕೆ ನಿಲ್ಲಿಸಿದ್ದರೂ ಬದುಕುತ್ತಿದ್ದೆ. ನರೋಣಾದಲ್ಲಿ, ಮಣ್ಣೂರಿನಲ್ಲಿ ನಮ್ಮ ಬೀಗರೂ ಬಂಧುಗಳೂ ಇದ್ದಾರೆ. ಅವರನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಭಾನುವಾರ ಬೆಳಿಗ್ಗೆ ಎಲ್ಲರ ಮೊಬೈಲಿಗೂ ಅತ್ತೆಯ ಒಂದು ಒಳ್ಳೆಯ ಫೋಟೊ ಕಳಿಸಿದೆ. ಫೋಟೊದ ಸುತ್ತ ಹೂವಿನ ಅಂಚು ಹಾಕಿದೆ. ಕೆಳಗೆ ಗ್ರಾಂಥಿಕವಾಗಿ ಹೀಗೆ ಬರೆದೆ: "ನಮ್ಮ ಪೂಜ್ಯ ಅತ್ತೆಯವರಾದ ಗುರುಬಾಯಿಯವರ ಕೊನೆಯ ಆಸೆಯಂತೆ ಇಂದು ಮಧ್ಯಾಹ್ನ ಅವರ ಸ್ವಗೃಹದಲ್ಲಿ ಕಾರ್ಯಕ್ರಮವಿದ್ದು, ತಾವೆಲ್ಲರೂ ಆಗಮಿಸಬೇಕಾಗಿ ವಿನಂತಿ." ಕೊನೆಗೆ ಕೈ ಮುಗಿದ ಚಿತ್ರವನ್ನೂ ಹಾಕಿದೆ.

ಬರವಣಿಗೆ ಬಹಳ ಚೆನ್ನಾಗಿ ಬಂದಿದೆ ಎನಿಸಿತು!

ಮಧ್ಯಾಹ್ನ ಲೇಖಕರು ಬಂದರು. ಅತ್ತೆಯ ಮಂಚವನ್ನು ಪಡಸಾಲೆಗೆ ತಂದು ಬಾಗಿಲ ಹತ್ತಿರ ಹಾಕಿದ್ದೆವು. ಹೆಣ್ಣುಮಕ್ಕಳು ಪೆಂಡಾಲಿನಲ್ಲಿ ತುಂಬಿದ್ದರು. ಲೇಖಕರಿಗೆ ಹಾರ ತರಿಸುವುದನ್ನು ಮರೆತೆನಲ್ಲ ಎಂದು ನಾನು ಕೈ ಕೈ ಹಿಸುಕಿಕೊಳ್ಳುತ್ತಿರುವಾಗಲೇ ನರೋಣಾದ ಸಿದ್ರಾಮ ಕಾಕಾ ದೊಡ್ಡದೊಂದು ಹೂವಿನ ಹಾರ ಹಿಡಿದು ಬಂದರು. ಅವರು ಅತ್ತೆಗೆ ಮೈದುನನಾಗಬೇಕು.

"ಛಲೋ ಆತ್ರಿ ಕಾಕಾ!" ಎಂದವನೇ ಹಾರ ಕಸಿದುಕೊಂಡು ಲೇಖಕರ ಕೊರಳಿಗೆ ಹಾಕಿದೆ. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು.

ಕಾಕಾ ನನ್ನನ್ನೂ ಲೇಖಕರನ್ನೂ ಪೆಂಡಾಲನ್ನೂ ನೋಡಿ, ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: "ಮಣ್ಣು ಎಷ್ಟೊತ್ತಿಗದ?"

ಮಣ್ಣು ಎಂದರೆ ನಮ್ಮಲ್ಲಿ ಹೆಣ ಹೂಳುವುದು. ಉತ್ತರ ಕೊಡುವುದರೊಳಗೆ ರಸ್ತೆಯಲ್ಲಿ ಟೆಂಪೊ ನಿಂತಿತು. ಅದರೊಳಗಿಂದ ಮಣ್ಣೂರಿನವರು ಇಳಿದರು, ಅಳುತ್ತಲೇ ಇಳಿದರು. ಎಲ್ಲರ ಮುಂದೆ ಅತ್ತೆಯ ತಂಗಿ ಶಿವಬಾಯಿ. ತಮ್ಮ ಮಗಳ ಮದುವೆಯ ಮಾತಿನಲ್ಲಿ ಜಗಳವಾಗಿ ಅಕ್ಕನ ಹೊಸ್ತಿಲು ತುಳಿಯುವುದನ್ನೇ ಬಿಟ್ಟವರು. "ನನ್ನ ಬಿಟ್ಟು ಹೋದ್ಯಲ್ಲಾ ಅಕ್ಕಾ! ಒಂದು ಮಾತು ಆಡದಾ ಹೋದ್ಯಲ್ಲಾ!" ಎಂದು ಎದೆ ಬಡಿದುಕೊಳ್ಳುತ್ತ ಪೆಂಡಾಲಿನೊಳಗೆ ಬಂದರು. ಅವರನ್ನು ನೋಡಿ ಓಣಿಯ ಹೆಣ್ಣುಮಕ್ಕಳೂ ಏಕೆಂದು ತಿಳಿಯದೆ ಅಳತೊಡಗಿದರು. ಹಾರ ಹಾಕಿಕೊಂಡ ಲೇಖಕರು ಎದ್ದು ನಿಂತು ಕೈ ಮುಗಿದರು.

ಅತ್ತೆ ಕಣ್ಣು ತೆರೆದರು.

"ಯಾರು ಸತ್ತಾರ?"

ಅತ್ತೆ ಒಬ್ಬೊಬ್ಬರ ಮುಖ ನೋಡಿದರು.

"ನಾನಾ?"

ಶಿವಬಾಯಿಯ ಕೈ ಎದೆಯ ಮೇಲೆಯೇ ನಿಂತಿತು. ಮರುಕ್ಷಣ ಅವರು ಮಂಚದ ಕಾಲಿನ ಹತ್ತಿರ ಕುಸಿದು ಅಕ್ಕನ ಪಾದ ಹಿಡಿದುಕೊಂಡರು. ಅತ್ತೆ ತಂಗಿಯ ತಲೆಯ ಮೇಲೆ ಕೈ ಇಟ್ಟು, "ಜರಾ ಸಣ್ಣಕ ಅಳು. ನನಗ ಸುಕನ್ಯಾಂದು ಕೇಳೂದದ" ಎಂದರು.

ಎಲ್ಲರೂ ಲೇಖಕರ ಕಡೆ ತಿರುಗಿದರು. ಅವರು ಹಾರ ತೆಗೆದು ಕುರ್ಚಿಯ ಮೇಲಿಟ್ಟು ಮಂಚದ ಹತ್ತಿರ ಬಂದರು.

"ತಾಯೀ, ನನಗೂ ಗೊತ್ತಿಲ್ಲ."

"ನೀವೇ ಬರದವರಲ್ರೀ?"

"ಬಾವ್ಯಾಗ ಕೆಡವಿದಾವ ನಾನೇ. ಹೆಂಗ ತಗೀಬೇಕಂತ ಗೊತ್ತಾಗಲಿಲ್ಲ. ಸೋಮವಾರದ ತನಾ ಏನರ ಹೊಳೀತದ ಅಂತ ಬಿಟ್ಟಿದ್ದೆ. ಶುಕ್ರವಾರ ಸಂಜೀಗೇ ಫೋನು ಬಂತು, ನಾಳಿಂದ ಬರೀಬ್ಯಾಡ ಅಂದ್ರು. ನನ್ನ ಕೆಲಸಾನೂ ಹೋತು. ಆಮ್ಯಾಲ ಎಷ್ಟು ಸಲ ಕುಂತು ನೋಡೀನಿ, ಹೊಳೀಲಿಲ್ಲ."

"ಹೊಳೀಲಿಲ್ಲಂದ್ರ ಏನ್ರಿ ಅರ್ಥ? ಒಂದು ಹಗ್ಗ ಬಿಡಾಕ ಆಗಲಿಲ್ಲೇನು ನಿಮಗ?" ಎಂದು ಪಕ್ಕದ ಮನೆಯ ಲಕ್ಷ್ಮೀಬಾಯಿ ರೇಗಿದರು. ಅವರ ಹಿಂದೆ ಎಲ್ಲರೂ ಏರಿ ಬಂದರು. ಲೇಖಕರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು.

ಅತ್ತೆ ಮೆಲ್ಲಗೆ, "ಹಂಗಾದ್ರ ಆಕಿ ಇನ್ನೂ ಅಲ್ಲೇ ಅದಾಳ" ಎಂದು ಗೋಡೆಯ ಕಡೆ ಹೊರಳಿದರು.

ನನಗೆ ತಡೆಯಲಾಗಲಿಲ್ಲ. "ಅಲ್ರೀ ಅತ್ತೀ, ಊರವರೆಲ್ಲ ಓಡಿ ಬಂದ್ರು, ಹಗ್ಗ ಬಿಟ್ರು, ಬಾವ್ಯಾಗ ನೀರೂ ಕಡಿಮಿ ಇತ್ತು..."

"ಸುಮ್ಕಿರ್ರಿ ಅಳಿಯಾರ. ನಿಮಗ ಬರಂಗಿಲ್ಲ ಅದು."

ಪೆಂಡಾಲು ಬಿಚ್ಚಿದರು. ಟೆಂಪೊ ಹೋಯಿತು. ಶಿವಬಾಯಿ ಮಾತ್ರ ಹೋಗಲಿಲ್ಲ. ಅವರು ಅಕ್ಕನ ಮಂಚದ ಪಕ್ಕ ಚಾಪೆ ಹಾಸಿಕೊಂಡರು. ಅಕ್ಕ ತಂಗಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ನನ್ನನ್ನು ಯಾರೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಚಮಚೆಯಲ್ಲಿ ಹಾಲು ಕುಡಿಸುವುದು ಮಾತ್ರ ಬಾಗಿಲಿನಿಂದ ಕಾಣುತ್ತಿತ್ತು.

ಆ ವಾರ ಮುಗಿಯುವುದರೊಳಗೆ, ಒಂದು ಮಧ್ಯಾಹ್ನ, ತಂಗಿಯ ಕೈ ಹಿಡಿದುಕೊಂಡೇ ಅತ್ತೆ ಹೋದರು.

ಕಾಶೀ ತಾಯಿಯನ್ನು ತಬ್ಬಿ ಅಳುತ್ತಿದ್ದಳು. ಸುದ್ದಿ ಮುಟ್ಟಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ನರೋಣಾಕ್ಕೆ ಫೋನು ಹಚ್ಚಿ, "ಕಾಕಾ, ಅತ್ತಿ ಹೋದ್ರು" ಎಂದೆ.

"ಹೌದಾ? ಈ ಸಲ ಯಾವ ಧಾರಾವಾಹಿ?" ಎಂದರು ಸಿದ್ರಾಮ ಕಾಕಾ.

"ಖರೇನ ಹೋಗ್ಯಾರ್ರಿ!" ಎಂದು ಅತ್ತುಬಿಟ್ಟೆ. ಕಾಕಾ ಫೋನು ಇಟ್ಟುಬಿಟ್ಟರು. ಮಣ್ಣೂರಿಗೆ ಮಾಡಿದೆ. "ಟೆಂಪೊದವ ಒಪ್ಪಂಗಿಲ್ರಿ" ಎಂದರು. ಪೆಂಡಾಲಿನವನಿಗೆ ಮಾಡಿದೆ. ಅವನು ಮೊದಲು ತಾನೇ ಬಂದು, ಒಳಗೆ ಇಣುಕಿ ನೋಡಿ, ಆಮೇಲೆ ಕಂಬ ಇಳಿಸಿದ! ನನ್ನ ಮಾತು ಕೇಳಿ ಒಡನೆ ಹೊರಟು ಬಂದವರು ವಿರೂಪಾಕ್ಷಪ್ಪನವರು ಒಬ್ಬರೇ. ಬಂದು, ಹೊರಗಿನ ಕಟ್ಟೆಯ ಮೇಲೆ ಯಾರ ಕಣ್ಣಿಗೂ ಬೀಳದಂತೆ ಕೂತರು.

ಕೊನೆಗೆ ಕಾಶೀ ಎದ್ದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಬಿಕ್ಕಳಿಸುತ್ತ ಒಬ್ಬೊಬ್ಬರಿಗೂ ತಾನೇ ಹೇಳಿದಳು. ಆಗ ಎಲ್ಲರೂ ಬಂದರು.

ಮಣ್ಣು ಮುಗಿಸಿ, ಸ್ನಾನ ಮಾಡಿ, ಇಬ್ಬರೂ ಖಾಲಿ ಪಡಸಾಲೆಯಲ್ಲಿ ಕೂತಿದ್ದೆವು. ಕಾಶೀ ನನ್ನ ಮುಖ ನೋಡಿದಳು. ಸಮಾಧಾನದ ಒಂದು ಮಾತು ಬರುತ್ತದೆಂದು ಕಾದೆ.

"ನಾ ಸತ್ತಾಗ ನೀವು ಯಾರಿಗೂ ಫೋನು ಮಾಡಬ್ಯಾಡ್ರಿ" ಎಂದಳು.

ಒಪ್ಪಿಕೊಂಡೆ.