ನನ್ನ ಯಜಮಾನರಿಗೆ ‘ಬೇಡ’ ಕಲಿಸಿದ ಪೆಟ್ಟಿಗೆಗೆ

ಆಸ್ಪತ್ರೆಯ ಎರಡನೆಯ ಮಹಡಿಯ ಮೂಲೆಕೋಣೆಯಲ್ಲಿ ವಿರಾಜಮಾನರಾಗಿರುವ, ಸಾಬೂನಿನ ಡಬ್ಬಿಗಿಂತ ತುಸುವೇ ದೊಡ್ಡವರಾದ, ಎರಡು ವಯರು ಹಾಗೂ ಎರಡು ಒದ್ದೆ ಸ್ಪಂಜುಗಳ ಒಡೆಯರಾದ ಸೌಮ್ಯ ಕರೆಂಟಿನ ಪೆಟ್ಟಿಗೆಯವರ ಸನ್ನಿಧಾನಕ್ಕೆ, ಹರಾಜು ಕೂಗುವವರ ಹೆಂಡತಿಯಾದ ನನ್ನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಪರಿಚಯವಾಗುವವರೆಗೆ ನಾವೂ ಕ್ಷೇಮವಾಗಿಯೇ ಇದ್ದೆವು.

ನನ್ನ ಯಜಮಾನರು ಹಳೆಯ ಮೇಜು, ಕುರ್ಚಿ, ಬೀರುಗಳನ್ನು ಹರಾಜು ಹಾಕುತ್ತಿದ್ದವರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಕೈಕಾಲುಗಳನ್ನು ಉಳಿಸಿ, ಮಾತನ್ನೆಲ್ಲ ಗುಡಿಸಿಕೊಂಡು ಹೋಯಿತು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಾತ್ರ ಒಂದೇ ಪದ, ‘ಆಯ್ತು’. ಹರಾಜಿನವರ ಬಾಯಲ್ಲಿ ಇದಕ್ಕಿಂತ ಅಪಾಯಕಾರಿ ಪದ ಇನ್ನೊಂದಿಲ್ಲ. ಕೆಲಸಕ್ಕೆ ಮರಳಿದ ದಿನವೇ, ಯಾರೋ ತಮಾಷೆಗೆ ಕೂಗಿದ ಬೆಲೆಗೆ ತೇಗದ ಬೀರುವೊಂದನ್ನು ‘ಆಯ್ತು’ ಎಂದು ಕೊಟ್ಟುಬಿಟ್ಟರು. ಹರಾಜು ಮಳಿಗೆಯ ಮಾಲೀಕರು ಬಹಳ ಗೌರವದಿಂದ ಕೈಹಿಡಿದು ಮನೆಗೆ ತಂದು ಬಿಟ್ಟರು.

ಮನೆಯಲ್ಲಿ ಮಾತ್ರ ಆ ಪದ ಅಮೃತವಾಗಿತ್ತು. ಹಸಿರು ಪರದೆ ಹಾಕಲೇ ಎಂದೆ, ಆಯ್ತು. ನಿಮ್ಮ ಹಳೆಯ ಕೋಟು ಕತ್ತರಿಸಿ ಚೀಲ ಹೊಲಿಯಲೇ ಎಂದೆ, ಆಯ್ತು. ಬಣ್ಣದ ಮೀನು ಸಾಕಿ ಮಾರುವ ನನ್ನ ತಮ್ಮ ಬಂದು, “ಭಾವ, ಮುಂದಿನ ಕೋಣೇಲಿ ಒಂದು ಗಾಜಿನ ತೊಟ್ಟಿ ಇಟ್ಕೊಳ್ಳಲಾ?” ಎಂದ, ಅದಕ್ಕೂ ಆಯ್ತು. ಒಂದು ತೊಟ್ಟಿ ಮರಿ ಹಾಕಿ ಕೋಣೆಯೇ ಕೊಳವಾಗಿ, ನಾವು ಅಡುಗೆಮನೆಯಲ್ಲಿ ಮಲಗತೊಡಗಿದೆವು. ಜಗಳವೆಂಬುದೇ ಕೇಳಿಸದ ನಮ್ಮನ್ನು ಬೀದಿಯವರು ಆದರ್ಶ ದಂಪತಿ ಎಂದು ಕರೆದರು.

ಹೀಗಿರುವಾಗ ತಮ್ಮ ಪ್ರವೇಶವಾಯಿತು. “ಅಮ್ಮ, ಇದು ಶಾಕ್ ಅಲ್ಲ. ಇರುವೆ ಹರಿದ ಹಾಗೆ ಆಗುತ್ತೆ, ಅಷ್ಟೆ. ಮಾತು ಇದು ಕಲಿಸಲ್ಲ, ಕಲಿಯೋವಾಗ ಆ ಜಾಗ ತೂಕಡಿಸದ ಹಾಗೆ ನೋಡ್ಕೊಳ್ಳುತ್ತೆ” ಎಂದು ಡಾಕ್ಟರು ತಮ್ಮನ್ನು ಪರಿಚಯಿಸಿದರು. ತಾವು ತಲೆಯ ಮೇಲೆ ಗುಟ್ಟಾಗಿ ಹರಿಯುತ್ತಿದ್ದಿರಿ, ಮಾತು ಕಲಿಸುವ ಮೇಡಂ ಎದುರು ಕೂತು ಚಮಚದ ಚಿತ್ರ, ಬೀಗದ ಚಿತ್ರ ತೋರಿಸುತ್ತಿದ್ದರು. ಕೆಲವು ವಾರಗಳಾದ ಮೇಲೆ ಡಾಕ್ಟರು ಮೆದುಳಿನ ಚಿತ್ರ ತೆಗೆಸಿ, ಏಟು ಬಿದ್ದ ಜಾಗದ ಅಂಚಿನಲ್ಲಿ ಮೂಡಿದ ಕೆಂಪು ಚುಕ್ಕೆಗಳನ್ನು ತೋರಿಸಿ, “ಇಲ್ಲಿ ಚಟುವಟಿಕೆ ಶುರುವಾಗಿದೆ. ಕರೆಂಟಿಂದಲೋ ಅಭ್ಯಾಸದಿಂದಲೋ, ಈಗಲೇ ಹೇಳಕ್ಕಾಗಲ್ಲ” ಎಂದರು. ಮದುವೆಯಾದಾಗಿನಿಂದ ನಾನು ಹುಡುಕುತ್ತಿದ್ದ ಚಟುವಟಿಕೆಯನ್ನು ಬಣ್ಣದಲ್ಲಿ ತೋರಿಸಿದ ಕೀರ್ತಿ ತಮಗೇ ಸಲ್ಲಲಿ.

ಆ ವಾರವೇ ನನ್ನ ತಮ್ಮ ಹೊಸ ತೊಟ್ಟಿಯೊಂದನ್ನು ಹೊತ್ತು ತಂದು, ಬಾಗಿಲಲ್ಲೇ, “ಇದೊಂದು ಇಡ್ತೀನಿ ಭಾವ” ಎಂದ. ಯಜಮಾನರ ಮುಖ ಕೆಂಪಾಯಿತು, ತುಟಿ ಅದುರಿತು. “ಬೇ... ಬೇಡ” ಎಂದರು. “ಅಕ್ಕ, ಆ ಮೆಷಿನ್ನು ಕೆಟ್ಟಿರಬೇಕು ನೋಡು” ಎಂದ ನನ್ನ ತಮ್ಮ, ಸಂಜೆಯೊಳಗೆ ಮೀನುಗಳ ಸಮೇತ ಮನೆ ಖಾಲಿ ಮಾಡಿದ.

ಅಂದಿನಿಂದ ಪರದೆ ಬೇಡ, ಚೀಲ ಬೇಡ, ನಾನು ಹಾಕಿದ ಉಪ್ಪು ಬೇಡ. ಸಿಟ್ಟು ಬಂದಾಗ ಮೊದಲು ಸಿಗುವುದು ಕಸುಬಿನ ಪದಗಳೇ ಆದ್ದರಿಂದ, ಪರದೆ ತೆಗೆಯೆನೆಂದ ನನ್ನನ್ನು ‘ಕುಂಟು ಮೇಜು’ ಎಂದರು. ನಾನು ಉಣ್ಣದೆ ಗೋಡೆಯ ಕಡೆ ತಿರುಗಿ ಮಲಗಿದೆ. ಇವರ ಮಾತಿಗೆ ನನ್ನ ಮನಸ್ಸು ನೊಂದು ಎಷ್ಟು ಕಾಲವಾಗಿತ್ತೆಂದು ಆಗ ಹೊಳೆದು, ಅಳಬೇಕಾದ ಹೊತ್ತಿನಲ್ಲಿ ನಗು ಬಂದದ್ದಕ್ಕೂ ತಾವೇ ಹೊಣೆ.

ಆದಕಾರಣ, ‘ಬೇಡ’ ಎಂಬ ಪದದ ನೆರೆಮನೆಯಲ್ಲೇ ಎಲ್ಲೋ ಮಲಗಿರಬಹುದಾದ ‘ನೀನು ಹೇಳಿದ್ದೇ ಸರಿ’ ಎಂಬುದನ್ನೂ, ಸ್ಪಂಜನ್ನು ಬೆರಳಷ್ಟು ಆಚೆ ಸರಿಸಿ, ದಯವಿಟ್ಟು ಎಬ್ಬಿಸಬೇಕು. ಇಲ್ಲವೇ ‘ಬೇಡ’ ಬಂದಾಗಲೆಲ್ಲ ಒತ್ತಿ ಆರಿಸಲು ತಮ್ಮ ಗುಂಡಿಯೊಂದನ್ನು ನನ್ನ ಒಲೆಯ ಪಕ್ಕಕ್ಕೆ ಎಳೆದುಕೊಡಬೇಕು.

ಕಡೆಯ ದೂರು ಕನ್ನಡಿಯದು. ಮೊನ್ನೆ ಮಾಲೀಕರು ಮನಸ್ಸು ಕರಗಿ, ಒಂದೇ ಒಂದು ನಿಲುವುಗನ್ನಡಿಯ ಹರಾಜನ್ನು ಇವರಿಗೆ ವಹಿಸಿದರು. ಸುತ್ತಿಗೆ ಎತ್ತಿ ಹಿಡಿದು ಇವರು ಪದಕ್ಕಾಗಿ ತಡಕಾಡುತ್ತ ನಿಂತರೆ, ಆ ಮೌನವನ್ನು ಜಾಣತನವೆಂದು ತಿಳಿದ ಗಿರಾಕಿಗಳು ತಡೆಯಲಾರದೆ ಬೆಲೆ ಏರಿಸತೊಡಗಿದರು. ನಾನು ಉಸಿರು ಬಿಗಿಹಿಡಿದು ಕೂತವಳು, ಹಣೆಯ ಬೆವರು ಒರೆಸಲು ಕೈ ಎತ್ತಿದೆ. ಸುತ್ತಿಗೆ ಬಿತ್ತು.

“ಹಿಂದಿನ ಸಾಲಲ್ಲಿ ಕೂತಿರೋ ಆ ಅಮ್ಮನಿಗೆ ಕೊಟ್ಟಿದ್ದೀನಿ.”

ಒಂದಿಷ್ಟೂ ತಡವರಿಸದೆ ಬಂದ, ಕಾಯಿಲೆಯ ನಂತರದ ಮೊದಲ ಇಡೀ ವಾಕ್ಯ. ನಾನು ಕೈ ಎತ್ತಿದ್ದು ಬೆಲೆ ಕೂಗಲು ಅಲ್ಲ ಎನ್ನಲು ಎದ್ದು ನಿಂತೆ. ನನ್ನ ಬಾಯಿಗೆ ಬಂದದ್ದು ಮಾತ್ರ ಒಂದೇ ಪದ, ‘ಆಯ್ತು’.

ತಮ್ಮ ವಿಶ್ವಾಸಿ,
ಕನ್ನಡಿ ಕೊಂಡ ಅಮ್ಮ

ತಾ.ಕ.: ಪಕ್ಕದ ಮನೆಯಾಕೆಯ ಗಂಡ ಯಾವ ಕಾಯಿಲೆಯೂ ಇಲ್ಲದೆ ವರ್ಷಗಳಿಂದ ಹೆಂಡತಿಯೊಡನೆ ಮಾತು ಬಿಟ್ಟಿದ್ದಾರೆ. ತಮ್ಮ ಸೌಮ್ಯ ಸ್ವಭಾವವನ್ನು ನಾನು ಎಷ್ಟು ಹೊಗಳಿದರೂ ಆಕೆಗೆ ಸಮಾಧಾನವಿಲ್ಲ. ತಮ್ಮ ಬಳಗದಲ್ಲಿ ಇನ್ನಷ್ಟು ಖಾರದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಿದ್ದಾಳೆ.