ಒಂದೇ ರೂಮಿಗೆ ಅರಮನೆ ಬಾಗಿಲು

ಬೇರೆ ಮನೆಗಳಲ್ಲಿ ಗಂಡಸರು ಸಂಜೆ ಬರುವಾಗ ತರಕಾರಿ ತರುತ್ತಾರೆ, ನಮ್ಮವರು ಕಂಬ ತರುತ್ತಿದ್ದರು. ಹೀಗಿರುವಾಗ ವಾರಕ್ಕೊಂದು ಫಜೀತಿ ಆಗದೆ ಇರುತ್ತದೆಯೇ?

ಎಪ್ಪತ್ತರ ಆಸುಪಾಸಿನ ಮಾತು. ನಮ್ಮವರು ಬೊಂಬಾಯಿಯಲ್ಲಿ ಅಂಧೇರಿಯ ಒಂದು ಸಿನಿಮಾ ಸ್ಟುಡಿಯೋದಲ್ಲಿ ಬಡಗಿ. ಶೂಟಿಂಗ್ ಮುಗಿದ ಮೇಲೆ ಸೆಟ್ ಒಡೆಯುತ್ತಾರಲ್ಲ, ಆಗ ಬಿಸಾಡುವ ಸಾಮಾನನ್ನು ಮೇಸ್ತ್ರಿಯ ಹತ್ತಿರ ಕೇಳಿ ಹೊತ್ತು ತರುವುದು ಇವರ ಚಟ. ಮನೆಯೋ, ಚಾಳಿನ ಸಾಲುಮನೆಗಳಲ್ಲಿ ಒಂದೇ ರೂಮು. ಅದರಲ್ಲಿ ನಾವಿಬ್ಬರು, ನಮ್ಮತ್ತೆ, ಮದುವೆಗೆ ಬಂದ ನಾದಿನಿ. ಆ ಹುಡುಗಿಗೆ ಮೂರು ಸಂಬಂಧ ತಪ್ಪಿಹೋಗಿದ್ದವು. ಹುಡುಗಿ ಚೆನ್ನಾಗಿಲ್ಲ ಅಂತ ಯಾರೂ ಅನ್ನಲಿಲ್ಲ. ಉಪ್ಪಿಟ್ಟು ತಿಂದು, ಸುತ್ತ ಕಣ್ಣಾಡಿಸಿ, "ಮನೆ ಇಷ್ಟೇನಾ?" ಅಂತ ಕೇಳಿ ಹೋದವರು ಹೋದರು, ಅಷ್ಟೆ.

ಮೂರನೆಯವರು ಹೋದ ದಿನ ಇವರು, "ದೊಡ್ಡ ಮನೆ ಮಾಡೋಕಂತೂ ಆಗಲ್ಲ ಕಣೇ, ದೊಡ್ಡದಾಗಿ ಕಾಣೋ ಹಾಗಾದ್ರೂ ಮಾಡ್ತೀನಿ" ಅಂದರು. ಆಗ ಅವರ ಮುಖ ನೋಡಿ ನನಗೆ ಬೈಯಲು ಮನಸ್ಸು ಬರಲಿಲ್ಲ. ಆಮೇಲೆ ಬಂತು.

ಕಂಬ

ಪ್ಲೈವುಡ್ಡಿನ ಕಂಬ. ಒಳಗೆಲ್ಲ ಪೊಳ್ಳು, ಮೇಲೆ ಅಮೃತಶಿಲೆಯ ಹಾಗೆ ಬಣ್ಣ. ರಾಜರ ದರ್ಬಾರಿನಲ್ಲಿ ನಿಂತಿದ್ದದ್ದು ನಮ್ಮ ಸೀಮೆಎಣ್ಣೆ ಸ್ಟೌವಿನ ಪಕ್ಕ ಬಂದು ನಿಂತಿತು. "ಇನ್ನು ನಾನೆಲ್ಲಿ ನಿಂತು ಅಡುಗೆ ಮಾಡಲಿ? ಕಂಬದ ಒಳಗಾ?" ಅಂತ ನಾನು ಒದರಾಡಿದೆ. ಇವರು ಕೇಳಿಸಿದರೂ ಕೇಳಿಸದ ಹಾಗೆ ಅದಕ್ಕೆ ಬಟ್ಟೆಯಲ್ಲಿ ಹೊಳಪು ಕೊಡುತ್ತಿದ್ದರು.

ಚಾಳಿನ ಮಾಲೀಕ ಸೇಠ್ ಒಂದು ದಿನ ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಕಂಬ ನೋಡಿದರು, ಮಾಡು ನೋಡಿದರು, ಮತ್ತೆ ಕಂಬ ನೋಡಿದರು. ಮುಖ ಬಿಳಿಚಿಕೊಂಡಿತು. ಮಾಡು ಬೀಳದೆ ಇರಲಿ ಅಂತ ನಾವು ಆಸರೆ ಕೊಟ್ಟಿದ್ದೇವೆ ಎಂದುಕೊಂಡರು ಪಾಪ! ಮೂರು ಮಳೆಗಾಲದಿಂದ "ಸೋರುತ್ತೆ ಸೇಠ್‌ಜಿ" ಅಂತ ಗೋಗರೆದರೂ ಬಾರದ ಗಾರೆಯವರು ಮಾರನೇ ದಿನವೇ ಬಂದರು. ಮಾಡು ಭದ್ರವಾಯಿತು.

ಕೆಲಸ ನೋಡಲು ಸೇಠ್ ಮತ್ತೆ ಬಂದಾಗ ನಾನು ಕಸ ಗುಡಿಸುತ್ತಿದ್ದೆ. ಎಡಗೈಯಲ್ಲಿ ಕಂಬ ಎತ್ತಿ ಕಂಕುಳಲ್ಲಿ ಇರುಕಿಕೊಂಡು, ಬಲಗೈಯಲ್ಲಿ ಅದರ ಬುಡ ಗುಡಿಸಿದೆ. ಅವತ್ತು ಸೇಠ್ ನಾನು ಕೊಟ್ಟ ಚಹಾ ಮುಟ್ಟಲಿಲ್ಲ.

ಕಿಟಕಿ

ಆಮೇಲೆ ಬಂದದ್ದು ಕಿಟಕಿ. ಚೌಕಟ್ಟು ನಿಜದ್ದು, ಆಚೆ ಕಾಣುವ ತೋಟ ಮಾತ್ರ ಬಟ್ಟೆಯ ಮೇಲೆ ಬರೆದದ್ದು. ನಮ್ಮತ್ತೆಗೆ ಆಗ ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕು. ಆ ಗೋಡೆಯ ಕಡೆಗೆ ಚಾಪೆ ಹಾಕಿಕೊಂಡು, "ಅಬ್ಬಾ, ಈಗ ಉಸಿರಾಡಿದ ಹಾಗಾಯ್ತು" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ನನ್ನ ಕೈ ಚಿವುಟಿದರು. ಮರುದಿನ ಎಲ್ಲಿಂದಲೋ ಒಂದು ಹಳೇ ಟೇಬಲ್ ಫ್ಯಾನ್ ತಂದು ಟ್ರಂಕಿನ ಮರೆಯಲ್ಲಿಟ್ಟರು. ಅತ್ತೆಗೆ ತೋಟದಿಂದ ಗಾಳಿ ಬರತೊಡಗಿತು. ಕರೆಂಟ್ ಹೋದರೆ, "ಇವತ್ತು ಹೊರಗೆ ಎಲೆ ಅಲ್ಲಾಡ್ತಿಲ್ಲ ನೋಡು" ಅನ್ನುವರು.

ಒಂದು ವರ್ಷದ ಮೇಲೆ ಅತ್ತೆಗೆ ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬರುವಾಗ ನನಗೆ ಎದೆ ಢವಢವ. ಬಂದವರೇ ಕಿಟಕಿಯ ಮುಂದೆ ಕೂತು, "ಬಣ್ಣ ಚೆನ್ನಾಗಿ ಹಚ್ಚಿದ್ದಾರೆ" ಅಂದರು.

"ಅತ್ತೆ, ನಿಮಗೆ ಗೊತ್ತಿತ್ತಾ?"

"ಒಂದು ವರ್ಷದಿಂದ ಒಂದು ಕಾಗೆ ಕೂಗಿಲ್ಲ, ಗೊತ್ತಾಗಲ್ವೇನೆ? ಹೇಳಿದ್ರೆ ಅವನು ಫ್ಯಾನ್ ವಾಪಸ್ ಕೊಟ್ಟುಬಿಟ್ಟಾನು ಅಂತ ಸುಮ್ಮನಿದ್ದೆ."

ಬಾಗಿಲು

ಕೊನೆಗೆ ಬಂತು ಬಾಗಿಲು. ಜಮೀನ್ದಾರರ ಬಂಗಲೆಯದಂತೆ. ಹಿತ್ತಾಳೆ ಹಿಡಿ, ಕೆತ್ತನೆ ಹೂವು, ಭಾರೀ ಜೋರು. ಸೆಟ್ಟಿನಲ್ಲಿ ಇಂಥ ಬಾಗಿಲಿಗೆ ಹಿಂದಿನಿಂದ ಮರದ ಆಸರೆ ಇರುತ್ತದೆ. ನಮ್ಮಲ್ಲಿ ಅದಕ್ಕೆ ಜಾಗವೆಲ್ಲಿ? ಗೋಡೆಗೆ ಒರಗಿಸಿ ಮೇಲೊಂದು ಮೊಳೆ ಹೊಡೆದರು. ನೋಡಿದವರಿಗೆ ಆಚೆ ಇನ್ನೊಂದು ರೂಮಿದೆ ಅಂತಲೇ ಅನ್ನಿಸಬೇಕು.

ಸಂಬಂಧ ತರುವವರು ಅದನ್ನು ಕಂಡು, ಚೆಂಬೂರಿನ ಗಂಡಿನ ಕಡೆಯವರಿಗೆ "ಎರಡು ರೂಮಿನ ಮನೆ" ಅಂತ ಹೇಳಿಬಿಟ್ಟರು. ನಾವು ಸುಳ್ಳು ಹೇಳಲಿಲ್ಲ ಅನ್ನಿ. ಇಲ್ಲ ಅಂತಲೂ ಹೇಳಲಿಲ್ಲ.

ಭಾನುವಾರ ಹುಡುಗ, ಅವನ ಅಪ್ಪ ಅಮ್ಮ ಬಂದರು. ಗಡಿಬಿಡಿಯಲ್ಲಿ ನಾನು ಪೊರಕೆ, ಮೊರ, ಹರಕು ಛತ್ರಿ, ರೇಷನ್ ಚೀಲ ಎಲ್ಲವನ್ನೂ ಆ ಬಾಗಿಲ ಸಂದಿಗೆ ತುರುಕಿದ್ದೆ. ಹುಡುಗ ನಾದಿನಿಯನ್ನು ನೋಡಿದ, ಅವಳೂ ಓರೆಗಣ್ಣಲ್ಲಿ ನೋಡಿದಳು. ಇಬ್ಬರ ಮುಖವೂ ಅರಳಿತು. ಈ ಸಲ ಆಗಿಯೇ ಆಗುತ್ತದೆ ಅಂತ ನಾನು ಮನಸ್ಸಿನಲ್ಲೇ ದೇವರಿಗೆ ಕಾಯಿ ಹೇಳಿಕೊಂಡೆ.

ಅಷ್ಟರಲ್ಲಿ ಹುಡುಗನ ತಾಯಿ ಎದ್ದರು. ನಾದಿನಿಯ ಕೈ ಹಿಡಿದು, "ಬಾಮ್ಮ, ಒಳಗೆ ಕೂತು ನಾವಿಬ್ಬರೇ ಎರಡು ಮಾತಾಡೋಣ" ಅಂದವರೇ ನೆಟ್ಟಗೆ ಬಾಗಿಲಿಗೆ ಹೋದರು.

"ಅಯ್ಯೋ ಅಮ್ಮಾ, ಬೇಡಿ!" ಅಂತ ನಾನು ಕೂಗುವಷ್ಟರಲ್ಲಿ ಹಿಡಿ ಜಗ್ಗಿಯೇಬಿಟ್ಟರು. ಬಾಗಿಲು ಇಡಿಯಾಗಿ ಅವರ ಮೇಲೆ ಬಂತು. ಒಂದು ಕಡೆ ಇವರು ಹಾರಿ ಹಿಡಿದರು, ಇನ್ನೊಂದು ಕಡೆ ಹುಡುಗ ಹಿಡಿದ. ನಡುವಿನಿಂದ ಪೊರಕೆ, ಮೊರ, ಛತ್ರಿ ಒಂದೊಂದಾಗಿ ಬಿದ್ದವು. ಆಚೆ ಬರೀ ಗೋಡೆ.

ನಾದಿನಿಯ ಕಣ್ಣಲ್ಲಿ ನೀರು. ಇವರು ಬಾಗಿಲು ಹಿಡಿದುಕೊಂಡೇ, "ತಪ್ಪಾಯ್ತು ತಾಯಿ. ಇದೆಲ್ಲ ನನ್ನ ಕೆಲಸ. ಮನೆ ನೋಡಿ ನನ್ನ ತಂಗೀನ ಬೇಡ ಅಂತಾರಲ್ಲ ಅಂತ ಹೀಗೆ ಮಾಡಿದೆ. ನಮ್ಮದು ಇಷ್ಟೇ, ಒಂದೇ ರೂಮು" ಅಂದರು. ಅಷ್ಟು ವರ್ಷದಲ್ಲಿ ಅವರು ಹಾಗೆ ತಲೆ ತಗ್ಗಿಸಿ ನಿಂತದ್ದನ್ನು ನಾನು ನೋಡಿರಲಿಲ್ಲ.

ಹುಡುಗನ ತಾಯಿ ಗಂಡನ ಮುಖ ನೋಡಿದರು. ಅವರು ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬ ಹಾಗೆ ಅದನ್ನೇ ನೋಡುತ್ತಿದ್ದರು. ಆ ತಾಯಿ ಚಾಪೆಯ ಮೇಲೆ ಧೊಪ್ಪನೆ ಕೂತು, ನಾದಿನಿಯನ್ನು ಪಕ್ಕಕ್ಕೆ ಎಳೆದುಕೊಂಡು ತಲೆ ಸವರಿದರು.

"ನಮ್ಮದೂ ಒಂದೇ ರೂಮು ಕಣ್ರಪ್ಪ. ನಡುವೆ ಹಳೇ ಸೀರೆ ಕಟ್ಟಿ ಎರಡು ಅಂತ ಹೇಳ್ಕೊಂಡು ಬಂದಿದ್ದೀವಿ. ನೀವು ನಮ್ಮನೆಗೆ ಬಂದಾಗ ಏನು ಗತಿ ಅಂತ ವಾರದಿಂದ ಅನ್ನ ಸೇರಿಲ್ಲ ನನಗೆ."

ಅತ್ತೆ ಮೊದಲು ನಕ್ಕರು, ಆಮೇಲೆ ಎಲ್ಲರೂ. ಇವರು ಕಣ್ಣೊರೆಸಿಕೊಂಡು, "ಮದುವೆಗೆ ನಮ್ಮ ಕಡೆಯಿಂದ ಏನೇನು ಆಗಬೇಕು, ಹೇಳಿಬಿಡಿ ತಾಯಿ" ಅಂದರು.

"ಏನೂ ಬೇಡ," ಅಂದರು ಆಕೆ. "ಆ ಬಾಗಿಲು ಕೊಟ್ಟುಬಿಡಿ. ಚಿಕ್ಕ ಮಗನಿಗೂ ಹೆಣ್ಣು ನೋಡಬೇಕು."